ಒಂದೇ ಚಪ್ಪರ, ಎರಡು ಹೊದಿಕೆ: ಹಿತ್ತಿಲ ತರಕಾರಿಯನ್ನು ಬೇಸಿಗೆ, ಮಳೆಗಾಲ ದಾಟಿಸುವ ಬಗೆ

ದೀಪಾವಳಿಯಿಂದ ಶಿವರಾತ್ರಿವರೆಗೆ ಕೈತೋಟದಲ್ಲಿ ತರಕಾರಿಗೆ ಬರವಿಲ್ಲ. ಟೊಮೆಟೊ, ಬೀನ್ಸ್, ಮೂಲಂಗಿ, ಪಾಲಕ್, ಕೊತ್ತಂಬರಿ ಹೆಚ್ಚು ಆರೈಕೆ ಕೇಳದೆ ಬರುತ್ತವೆ. ಶಿವರಾತ್ರಿ ಕಳೆದು ಬಿಸಿಲೇರಿತೋ, ಕೊತ್ತಂಬರಿ ಹೂವಿಗೆ ನಿಲ್ಲುತ್ತದೆ, ಟೊಮೆಟೊ ಹೂ ಉದುರಿಸುತ್ತದೆ. ಹೇಗೋ ಉಳಿದ ಗಿಡಗಳನ್ನು ಜೂನ್‌ನ ಮಳೆ ಕೊಳೆಸುತ್ತದೆ. ಹೀಗೆ ಎಷ್ಟೋ ಮನೆಗಳಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಗಳು ಬರಿದಾಗಿಯೇ ಇರುತ್ತವೆ.

ಚಳಿ ದೇಶಗಳಲ್ಲಿ ಬೆಳೆಗಾಲ ಹಿಗ್ಗಿಸುವುದೆಂದರೆ ಗಾಜಿನ ಮನೆಯನ್ನೋ ಪ್ಲಾಸ್ಟಿಕ್ ಗೂಡನ್ನೋ ಕಟ್ಟಿ ಬಿಸಿ ಹಿಡಿದಿಡುವುದು. ಅದನ್ನು ನೋಡಿ ಇಲ್ಲೂ ನಾಲ್ಕೂ ಕಡೆ ಪ್ಲಾಸ್ಟಿಕ್ ಸುತ್ತಿದ ಗೂಡು ಕಟ್ಟಿದರೆ ಏಪ್ರಿಲ್ ಮಧ್ಯಾಹ್ನ ಒಳಗಿನ ಸಸಿ ಬೆಂದುಹೋಗುತ್ತದೆ. ಕರ್ನಾಟಕದ ಬಹುಭಾಗದಲ್ಲಿ ಗಿಡವನ್ನು ನಿಲ್ಲಿಸುವುದು ಚಳಿಯಲ್ಲ. ಹನ್ನೊಂದರಿಂದ ನಾಲ್ಕರವರೆಗಿನ ಬಿಸಿಲು ಒಂದು, ದಿನಗಟ್ಟಲೆ ಆರದೆ ಒದ್ದೆಯಾಗಿರುವ ಎಲೆ ಇನ್ನೊಂದು. ಎರಡಕ್ಕೂ ಬೇಕಾಗಿರುವುದು ತಲೆಯ ಮೇಲೊಂದು ಮಾಡು, ಸುತ್ತ ಧಾರಾಳ ಗಾಳಿ. ಒಂದು ಚಪ್ಪರ ಕಟ್ಟಿಕೊಂಡು ಬೇಸಿಗೆಗೆ ನೆರಳಿನ ಬಲೆ, ಮಳೆಗಾಲಕ್ಕೆ ಪ್ಲಾಸ್ಟಿಕ್ ಹಾಳೆ ಬದಲಿಸುತ್ತಾ ಹೋದರೆ ಹತ್ತಡಿ ಮಡಿಯಲ್ಲಿ ವರ್ಷಪೂರ್ತಿ ಏನಾದರೊಂದು ಕೀಳುತ್ತಿರಬಹುದು.

ಯಾವ ಬೆಳೆಗೆ ನೆರಳು, ಯಾವುದಕ್ಕೆ ಬೇಡ

ಹಣ ಖರ್ಚು ಮಾಡುವ ಮೊದಲು ಇದನ್ನು ತೀರ್ಮಾನಿಸಿ. ಬೆಂಡೆ, ಅಲಸಂದೆ, ಗೋರಿಕಾಯಿ, ಹೀರೆ, ಸೋರೆ, ಹರಿವೆ, ದಂಟು, ಬಸಳೆ ಇವೆಲ್ಲ ಬಿಸಿಲಿನ ಮಕ್ಕಳು. ನೀರು ಸರಿಯಾಗಿ ಸಿಕ್ಕರೆ ಏಪ್ರಿಲ್‌ನಲ್ಲೂ ಬಯಲಿನಲ್ಲೇ ಬರುತ್ತವೆ. ಇವನ್ನು ಬಲೆಯ ಕೆಳಗಿಟ್ಟರೆ ಬಳ್ಳಿ ಉದ್ದವಾಗುತ್ತದೆ, ಕಾಯಿ ಕಡಿಮೆಯಾಗುತ್ತದೆ. ಹಾಗೆಯೇ ಮಳೆಗಾಲದಲ್ಲಿ ಅರಿಸಿನ, ಶುಂಠಿ, ಕೆಸುವಿಗೆ ಹಾಳೆಯ ಹಂಗಿಲ್ಲ.

ಬೇಸಿಗೆಯಲ್ಲಿ ಬಲೆ ಬೇಕಾಗುವುದು ಕೊತ್ತಂಬರಿ, ಮೆಂತ್ಯ, ಪಾಲಕ್, ಸಬ್ಬಸಿಗೆ, ಮೂಲಂಗಿಗೆ ಮತ್ತು ಎಲ್ಲ ಬಗೆಯ ಎಳೆ ಸಸಿಗಳಿಗೆ. ಮಳೆಗಾಲದಲ್ಲಿ ಹಾಳೆ ಬೇಕಾಗುವುದು ಟೊಮೆಟೊ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ ಮತ್ತು ಅದೇ ಸೊಪ್ಪುಗಳಿಗೆ.

ಟೊಮೆಟೊ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರಾತ್ರಿಯ ಉಷ್ಣತೆ 21–22 ಡಿಗ್ರಿ ದಾಟಿ, ಹಗಲು 34–35 ಡಿಗ್ರಿ ಮೀರಿದಾಗ ಪರಾಗ ಕೆಡುತ್ತದೆ, ಹೂವು ಕಾಯಿ ಕಚ್ಚುವುದಿಲ್ಲ. ತೊಟ್ಟಿನ ನಡುವೆ ಒಂದು ಸಣ್ಣ ಗಂಟಿರುತ್ತದಲ್ಲ, ಮೊದಲು ಅದು ಹಳದಿಯಾಗುತ್ತದೆ. ಬೆರಳು ತಾಗಿಸಿದರೆ ಸಾಕು, ಹೂವು ಕೈಗೆ ಬರುತ್ತದೆ. ಬಲೆ ಹಗಲಿನ ಬಿಸಿಲನ್ನು ತಡೆಯುತ್ತದೆ, ರಾತ್ರಿಯ ಸೆಕೆಯನ್ನು ತಡೆಯುವುದಿಲ್ಲ. ಆದ್ದರಿಂದ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಏಪ್ರಿಲ್‌ನಲ್ಲಿ ಹೊಸದಾಗಿ ಕಾಯಿ ಕಚ್ಚಿಸುತ್ತೇನೆಂದು ಹೊರಡಬಾರದು. ಅಲ್ಲಿ ಲೆಕ್ಕ ಬೇರೆ: ಫೆಬ್ರುವರಿ ಮುಗಿಯುವುದರೊಳಗೆ ಗಿಡ ತುಂಬ ಕಾಯಿ ಕಚ್ಚಿರಬೇಕು, ಆ ಕಾಯಿ ಬಿಸಿಲಿಗೆ ಸುಡದಂತೆ ಮೇವರೆಗೆ ಕಾಪಾಡುವುದಷ್ಟೇ ಬಲೆಯ ಕೆಲಸ. ಬೆಂಗಳೂರು, ಮೈಸೂರು, ಹಾಸನದ ಕಡೆ ರಾತ್ರಿ ತುಸು ತಂಪಿರುವುದರಿಂದ ಇನ್ನೂ ಕೆಲವು ವಾರ ಸಿಗುತ್ತದೆ.

ಚಪ್ಪರದ ಜಾಗ ಮತ್ತು ದಿಕ್ಕು

ಇಲ್ಲಿ ಕೊಟ್ಟಿರುವ ಅಳತೆ 10 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿಗೆ. ಎರಡೂ ಪಕ್ಕದಿಂದ ಕೈಚಾಚಿದರೆ ನಡುವಿನ ಗಿಡ ಸಿಗಬೇಕು, ಅದಕ್ಕೇ ನಾಲ್ಕಡಿ.

ಮಡಿಯ ಉದ್ದ ಉತ್ತರ–ದಕ್ಷಿಣವಾಗಿರಲಿ. ಚಪ್ಪರದ ಪೂರ್ವ ಪಕ್ಕ ಎತ್ತರ, ಪಶ್ಚಿಮ ಪಕ್ಕ ತಗ್ಗು. ಹೀಗೆ ಮಾಡಲು ಮೂರು ಕಾರಣಗಳಿವೆ. ಬೆಳಗಿನ ಎಳೆಬಿಸಿಲು ಪೂರ್ವದ ಬಾಯಿಯಿಂದ ಒಳಗೆ ಬಂದು ಎಲೆಯ ಇಬ್ಬನಿಯನ್ನು ಬೇಗ ಆರಿಸುತ್ತದೆ. ಗಿಡಕ್ಕೆ ನಿಜವಾಗಿ ಕಷ್ಟ ಕೊಡುವ ಮೂರು ಗಂಟೆಯ ಪಡುವಣ ಬಿಸಿಲನ್ನು ತಗ್ಗಿದ ಅಂಚು ತಡೆಯುತ್ತದೆ. ಇನ್ನು ಮುಂಗಾರಿನ ಗಾಳಿಮಳೆ ಹೊಡೆಯುವುದೂ ಪಶ್ಚಿಮ, ನೈಋತ್ಯದಿಂದಲೇ. ಎತ್ತರದ ಬಾಯಿಯನ್ನು ಆ ದಿಕ್ಕಿಗೆ ಕೊಟ್ಟರೆ ಗಾಳಿ ಒಳನುಗ್ಗಿ ಹಾಳೆಯನ್ನು ಕೆಳಗಿನಿಂದ ಎತ್ತುತ್ತದೆ. ಚಪ್ಪರ ಹಾರಿಹೋದ ಕಡೆ ಹೆಚ್ಚಿನ ಪಾಲು ತಪ್ಪು ಇದೇ.

ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿನ ಅಕ್ಷಾಂಶದಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಮೇಲಿನ ಹೊದಿಕೆಯೇ ಮುಖ್ಯ. ಉತ್ತರ, ದಕ್ಷಿಣದ ಪಕ್ಕಗಳಿಗೆ ಬಲೆ ಕಟ್ಟಿ ದುಡ್ಡು ಕಳೆಯಬೇಡಿ.

ಸಾಮಾನು ಮತ್ತು ಕತ್ತರಿಸುವ ಲೆಕ್ಕ

ಒಂದು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು ಆರು ಸಾಕು. ಅಂಗಡಿಯಲ್ಲಿ 20 ಅಡಿ ಎಂದೇ ಹೇಳುತ್ತಾರೆ, ಅಳೆದರೆ 6 ಮೀಟರ್, ಅಂದರೆ ಇಪ್ಪತ್ತಡಿಗೆ ನಾಲ್ಕು ಇಂಚು ಕಡಿಮೆ. ಈ ನಾಲ್ಕಿಂಚನ್ನು ಲೆಕ್ಕಕ್ಕೆ ಹಿಡಿದೇ ಕತ್ತರಿಸಬೇಕು:

- ಮೂರು ಪೈಪುಗಳಲ್ಲಿ ತಲಾ ಒಂದು 12 ಅಡಿ, ಒಂದು 7.5 ಅಡಿ. ಉದ್ದನೆಯವು ಚಪ್ಪರದ ಮೇಲಿನ ಅಡ್ಡಪಟ್ಟಿ, ಚಿಕ್ಕವು ಪಶ್ಚಿಮದ ಕಂಬ.
- ಒಂದು ಪೈಪಿನಲ್ಲಿ ಎರಡು 9 ಅಡಿ. ಪೂರ್ವದ ಕಂಬ.
- ಒಂದರಲ್ಲಿ 9 ಅಡಿ ಮತ್ತು 6.5 ಅಡಿ. ಮೂರನೆಯ ಪೂರ್ವ ಕಂಬ ಹಾಗೂ ಪೂರ್ವದ ಕಂಬದಿಂದ ಪಶ್ಚಿಮದ ಕಂಬಕ್ಕೆ ಇಳಿಯುವ ಒಂದು ಓರೆ ಪಟ್ಟಿ.
- ಕೊನೆಯದರಲ್ಲಿ ಎರಡು 6.5 ಅಡಿ. ಉಳಿದ ಓರೆ ಪಟ್ಟಿಗಳು.

ಕಂಬಗಳ ಸಾಲಿನ ನಡುವೆ 5 ಅಡಿ, ಒಂದೇ ಸಾಲಿನ ಕಂಬಗಳ ನಡುವೆ ಐದೂವರೆ ಅಡಿ ಅಂತರ. ಒಂದೂವರೆ ಅಡಿ ಗುಂಡಿ ತೋಡಿ ಕಾಂಕ್ರೀಟು ಹಾಕಿ ನಿಲ್ಲಿಸಿದರೆ ನೆಲದಿಂದ ಪೂರ್ವಕ್ಕೆ ಏಳೂವರೆ, ಪಶ್ಚಿಮಕ್ಕೆ ಆರು ಅಡಿ ಎತ್ತರ ಉಳಿಯುತ್ತದೆ. ಐದಡಿಗೆ ಒಂದೂವರೆ ಅಡಿ ಇಳಿಜಾರು. ಇದು ಕಣ್ಣಿಗೆ ಹೆಚ್ಚೆನಿಸಿದರೂ ಕಡಿಮೆ ಮಾಡಬೇಡಿ. ಇಳಿಜಾರು ಸಾಲದೆ ಹೋದರೆ ಹಾಳೆ ಜೋತು, ನೀರು ನಿಂತು, ಒಂದೇ ಜೋರು ಮಳೆಗೆ ಹೊಟ್ಟೆ ಬಿಟ್ಟು ಹರಿಯುತ್ತದೆ.

ಪೈಪು ದುಬಾರಿಯೆನಿಸಿದರೆ ನೀಲಗಿರಿ ಅಥವಾ ಸರ್ವೆ ಗಳ, ಬಲಿತ ಬಿದಿರು ಆಗುತ್ತದೆ. ಮಣ್ಣಿನೊಳಗೆ ಹೋಗುವ ಎರಡಡಿಗೆ ಡಾಂಬರು ಬಳಿದು ಒಣಗಿಸಿ ನೆಡಿ, ಇಲ್ಲದಿದ್ದರೆ ಗೆದ್ದಲಿನ ಪಾಲು. ಮೇಲಿನ ಗಂಟು, ಸಿಬಿರುಗಳನ್ನು ಉಜ್ಜಿ ನುಣುಪು ಮಾಡಿ. ಹಾಳೆ ಹರಿಯುವುದು ಅಲ್ಲಿಂದಲೇ.

ಬಲೆ: 50 ಪರ್ಸೆಂಟ್ ಶೇಡ್ ನೆಟ್ (ಬಿಸಿಲಿನ ಅರ್ಧದಷ್ಟನ್ನು ತಡೆಯುವ ನೆರಳು ಬಲೆ), 3 ಮೀಟರ್ ಅಗಲದ ರೋಲಿನಿಂದ 14 ಅಡಿ. ಈ ಮೂರು ಮೀಟರ್ ಅಗಲ ಮಾಡನ್ನು ಮುಚ್ಚಿ, ಪಶ್ಚಿಮಕ್ಕೆ ಸುಮಾರು ಮೂರಡಿ ಇಳಿಬಿಡಲು ಸರಿಹೋಗುತ್ತದೆ, ಹೊಲಿಗೆ ಬೇಕಿಲ್ಲ. ಹಾಳೆ: 200 ಮೈಕ್ರಾನಿನ ಯುವಿ ಸ್ಟೆಬಿಲೈಸ್ಡ್ ಪಾಲಿಥೀನ್, 14 ಅಡಿ ಉದ್ದ, 8 ಅಡಿ ಅಗಲ. ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಬೆಳೆಮನೆ) ಸಾಮಾನು ಮಾರುವವರಲ್ಲಿ ಸಿಗುತ್ತದೆ. ಕಟ್ಟಡಕ್ಕೆ ಹಾಸುವ ಸಾಮಾನ್ಯ ಪ್ಲಾಸ್ಟಿಕ್ ಅಗ್ಗವೆಂದು ತಂದರೆ ಕೆಲವೇ ತಿಂಗಳ ಬಿಸಿಲಿಗೆ ಹಪ್ಪಳದಂತೆ ಪುಡಿಯಾಗುತ್ತದೆ, ಆ ಚೂರುಗಳನ್ನು ಮಣ್ಣಿನಿಂದ ಆರಿಸುವುದು ಇನ್ನೊಂದು ಕೆಲಸ. ಯುವಿ ಹಾಳೆ ಜೋಪಾನವಾಗಿಟ್ಟರೆ ಮೂರು ವರ್ಷ ಬಾಳುತ್ತದೆ.

ಜೊತೆಗೆ ಹಳೆಯ ಸೈಕಲ್ ಟ್ಯೂಬು ನಾಲ್ಕೈದು, ನೈಲಾನ್ ಹಗ್ಗ, ಬಿಳಿ ಬಟ್ಟೆಯ ಪಟ್ಟಿಗಳು.

ಪೂರ್ವ, ನಡು, ಪಶ್ಚಿಮ ಎಂದು ಮೂರು ಅಡ್ಡಪಟ್ಟಿ ಕೂತ ಮೇಲೆ, ಇಳಿಜಾರಿನ ದಿಕ್ಕಿನಲ್ಲಿ ಅಡಿಗೊಂದರಂತೆ ನೈಲಾನ್ ಹಗ್ಗ ಬಿಗಿಯಾಗಿ ಎಳೆದು ಕಟ್ಟಿ. ಹಗ್ಗ ಉದ್ದಕ್ಕೆ ಎಳೆದರೆ ಪ್ರತಿ ಹಗ್ಗದ ಹಿಂದೆಯೂ ನೀರು ನಿಲ್ಲುತ್ತದೆ. ಇಳಿಜಾರಿನ ದಿಕ್ಕಿಗೇ ಇರಬೇಕು. ಕಬ್ಬಿಣಕ್ಕೆ ಬಿಳಿ ಬಣ್ಣ ಹೊಡೆದು, ಹಾಳೆ ತಾಗುವ ಕಡೆಯೆಲ್ಲ ಬಿಳಿ ಬಟ್ಟೆ ಸುತ್ತಿ. ಕಾದ ಪೈಪಿಗೆ ತಾಗಿದ ಗೆರೆಯುದ್ದಕ್ಕೂ ಹಾಳೆ ಮೊದಲು ಹಳದಿಯಾಗಿ ಅಲ್ಲೇ ಸೀಳುತ್ತದೆ.

ಬೇಸಿಗೆ: ಬಲೆ ಹಾಕುವ ದಿನ

ಬಲೆಯ ಬಣ್ಣದಲ್ಲಿ ಅಂಗಡಿಯವರು ಮೊದಲು ತೋರಿಸುವುದು ಹಸಿರು. ಕೆಲಸಕ್ಕೆ ಬಾರದೆಂದಲ್ಲ. ಆದರೆ ಗಿಡ ಹೆಚ್ಚು ಬಳಸುವ ಕೆಂಪು, ನೀಲಿ ಬೆಳಕನ್ನು ಹಸಿರು ಬಲೆ ಹೀರಿಕೊಳ್ಳುತ್ತದೆ. ಬಿಳಿ ಬಲೆ ಬೆಳಕನ್ನು ಹರಡಿ ಕೊಡುತ್ತದೆ, ಬಿಸಿಯನ್ನೂ ಕಡಿಮೆ ಹೀರುತ್ತದೆ. ಸಿಕ್ಕರೆ ಬಿಳಿಯೇ ಮೇಲು, ಇಲ್ಲದಿದ್ದರೆ ಕಪ್ಪು ಅಥವಾ ಹಸಿರು. ಸೊಪ್ಪಿಗೆ 50 ಪರ್ಸೆಂಟ್, ಟೊಮೆಟೊ ಮತ್ತು ಮೆಣಸಿಗೆ 35 ಪರ್ಸೆಂಟ್ ಸಾಕು. 75 ಪರ್ಸೆಂಟಿನದು ಆರ್ಕಿಡ್, ಅಲಂಕಾರಿಕ ಗಿಡಗಳಿಗೆ. ತರಕಾರಿಗೆ ಹಾಕಿದರೆ ಗಿಡ ಸಣಕಲಾಗಿ ಮೇಲೆದ್ದು ಬೀಳುತ್ತದೆ.

ಹಗಲಿನ ಗರಿಷ್ಠ ಉಷ್ಣತೆ ಒಂದು ವಾರ ಸತತವಾಗಿ 33–34 ಡಿಗ್ರಿ ಮುಟ್ಟಿದಾಗ ಬಲೆ ಹಾಕಿ. ದಕ್ಷಿಣ ಒಳನಾಡಿಗೆ ಇದು ಮಾರ್ಚ್ ಆರಂಭ, ಕಲ್ಯಾಣ ಕರ್ನಾಟಕಕ್ಕೆ ಫೆಬ್ರುವರಿ ಕೊನೆ. ಗಿಡವನ್ನೂ ಕೇಳಬಹುದು: ಮಧ್ಯಾಹ್ನ ಎರಡಕ್ಕೆ ಬಾಡಿ ಸಂಜೆ ಆರಕ್ಕೆ ನಿಮಿರಿದರೆ ಬಿಸಿಲು ಹೆಚ್ಚು, ಬಲೆ ಬೇಕು. ಬೆಳಗ್ಗೆ ಏಳಕ್ಕೇ ಬಾಡಿದ್ದರೆ ತೊಂದರೆ ಬೇರಿನಲ್ಲಿದೆ. ನೀರು ಸಾಲದು ಅಥವಾ ಸೊರಗು ರೋಗ, ಬಲೆಯಿಂದ ಪ್ರಯೋಜನವಿಲ್ಲ.

ಬಲೆಗೂ ಗಿಡದ ತುದಿಗೂ ಕನಿಷ್ಠ ಎರಡಡಿ ಅಂತರವಿರಲಿ. ಗಿಡದ ಮೇಲೇ ಹೊದಿಸಿದರೆ ಗಾಳಿ ಆಡದೆ ಅಡಿಯಲ್ಲಿ ಧಗೆ ಕೂರುತ್ತದೆ. ಟ್ಯೂಬಿನಿಂದ ಒಂದು ಇಂಚು ಅಗಲದ ರಬ್ಬರು ಪಟ್ಟಿ ಕತ್ತರಿಸಿ ಅದರಿಂದ ಕಟ್ಟಿ. ಗಾಳಿ ಬೀಸಿದಾಗ ರಬ್ಬರು ಹಿಗ್ಗುತ್ತದೆ, ಬಲೆ ಹರಿಯುವುದಿಲ್ಲ. ತಂತಿಯಿಂದ ಕಟ್ಟಿದರೆ ಏಪ್ರಿಲ್–ಮೇ ತಿಂಗಳ ಮೊದಲ ಗಾಳಿಮಳೆಗೇ ಬಲೆಯ ಕಣ್ಣು ಕಿತ್ತುಬರುತ್ತದೆ. ಆ ದಿನಗಳ ಆಲಿಕಲ್ಲನ್ನು ಬಲೆ ಚೆನ್ನಾಗಿ ತಡೆಯುತ್ತದೆ, ಇದು ಅದರ ಇನ್ನೊಂದು ಉಪಕಾರ.

ಬೇಸಿಗೆಯ ಮಡಿ ತಗ್ಗು, ಮಳೆಗಾಲದ ಮಡಿ ಏರು

ವರ್ಷಪೂರ್ತಿ ಒಂದೇ ಎತ್ತರದ ಮಡಿ ಇಟ್ಟುಕೊಂಡರೆ ಒಂದು ಋತುವಿನಲ್ಲಿ ನಷ್ಟ ಖಂಡಿತ. ಬೇಸಿಗೆಯಲ್ಲಿ ಮಡಿ ನೆಲಮಟ್ಟಕ್ಕಿಂತ ಎರಡು–ಮೂರು ಇಂಚು ತಗ್ಗಿರಲಿ, ಸುತ್ತ ಬದು ಇರಲಿ. ಕೊಟ್ಟ ನೀರು ಅಲ್ಲೇ ಇಂಗುತ್ತದೆ. ಮಡಿ ಮಾಡುವಾಗ ಒಂದಡಿ ಆಳದಲ್ಲಿ ತೆಂಗಿನ ಸಿಪ್ಪೆಯನ್ನು ಬಟ್ಟಲಿನಂತೆ ಬಾಯಿ ಮೇಲಾಗಿ ಒತ್ತೊತ್ತಾಗಿ ಜೋಡಿಸಿ ಮೇಲೆ ಮಣ್ಣು ಮುಚ್ಚಿದರೆ, ಸಿಪ್ಪೆ ನೀರು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ತೆಂಗಿನ ತೋಟಗಳಲ್ಲಿ ಹಿಂದಿನಿಂದ ಬಂದ ಕ್ರಮವಿದು, ಕೈತೋಟಕ್ಕೂ ಅಷ್ಟೇ ಒಳ್ಳೆಯದು.

ನಲವತ್ತು ಚದರಡಿ ಮಡಿಗೆ 20–25 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, 1 ಕೆಜಿ ಬೇವಿನ ಹಿಂಡಿ. ಗೊಬ್ಬರಕ್ಕೆ 100 ಗ್ರಾಂ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ, ನೀರು ಚಿಮುಕಿಸಿ, ಒದ್ದೆ ಗೋಣಿ ಮುಚ್ಚಿ ಎರಡು ವಾರ ನೆರಳಲ್ಲಿಟ್ಟು ಆಮೇಲೆ ಹಾಕಿ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಮುಕ್ಕಾಲು ಕೆಜಿ ಕೃಷಿ ಸುಣ್ಣವನ್ನು ಗೊಬ್ಬರಕ್ಕಿಂತ ಎರಡು ವಾರ ಮೊದಲೇ ಸೇರಿಸಬೇಕು.

ಏಪ್ರಿಲ್‌ನಲ್ಲಿ ಇಷ್ಟು ಮಡಿಗೆ ದಿನಕ್ಕೆ ಸುಮಾರು 20 ಲೀಟರ್ ನೀರು ಬೇಕು. 16 ಎಂಎಂ ಇನ್‌ಲೈನ್ ಡ್ರಿಪ್ ಪೈಪು (ಒಳಗೇ ಹನಿ ರಂಧ್ರಗಳಿರುವ ಹನಿ ನೀರಾವರಿ ಪೈಪು) ಎರಡು ಸಾಲು ಹಾಕಿ, ಒಂದಡಿಗೊಂದು ರಂಧ್ರ, ಗಂಟೆಗೆ 2 ಲೀಟರಿನದು. ಒಟ್ಟು ಇಪ್ಪತ್ತು ರಂಧ್ರ, ಅರ್ಧ ಗಂಟೆಗೆ ಸರಿಯಾಗಿ 20 ಲೀಟರ್. ಇದನ್ನು ಬೆಳಗ್ಗೆ ಏಳರೊಳಗೆ ಮುಗಿಸಿ. ಮೇಲೆ ಎರಡು ಇಂಚು ಭತ್ತದ ಹುಲ್ಲೋ ತರಗೆಲೆಯೋ ಹಾಸಿ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ, ಇಲ್ಲವಾದರೆ ಬುಡ ಕೊಳೆಯುತ್ತದೆ.

ಮೇ ಕೊನೆಯಲ್ಲಿ ಇದೇ ಮಡಿಯನ್ನು ಸುತ್ತಲ ದಾರಿಯ ಮಣ್ಣು ಎಳೆದು ನೆಲದಿಂದ ಒಂದಡಿ ಏರಿಸಿ. ಮಣ್ಣು ಎಳೆದ ಜಾಗವೇ ನೀರು ಹರಿಯುವ ಕಾಲುವೆಯಾಗುತ್ತದೆ.

ಏಪ್ರಿಲ್‌ನ ಕೊತ್ತಂಬರಿ

ಬೇಸಿಗೆಯಲ್ಲಿ ಸಂತೆಯ ಕೊತ್ತಂಬರಿ ಕಟ್ಟು ಬೆರಳಿನಷ್ಟಾದಾಗ ಹಿತ್ತಿಲಲ್ಲಿ ಹಸಿರಾಗಿರುವ ಒಂದು ಚೂರು ಮಡಿಯ ಬೆಲೆ ತಿಳಿಯುತ್ತದೆ. ಸೊಪ್ಪುಗಳಲ್ಲಿ ಇದೇ ಅತಿ ಮುನಿಸಿನದು, ಹಾಗಾಗಿ ಇದನ್ನು ಕಲಿತರೆ ಉಳಿದದ್ದು ಸುಲಭ.

ಬೀಜವನ್ನು ಚಪ್ಪಲಿಯ ಅಡಿಯಿಂದಲೋ ಲಟ್ಟಣಿಗೆಯಿಂದಲೋ ಮೆಲ್ಲನೆ ಒತ್ತಿ ಎರಡು ಹೋಳು ಮಾಡಿ. ಒಂದು ಕಾಳೊಳಗೆ ಎರಡು ಬೀಜ ಇರುತ್ತವೆ. ಕುಟ್ಟಿ ಪುಡಿ ಮಾಡಬಾರದು. 12 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮಡಕೆಯ ಪಕ್ಕದ ತಂಪಿನಲ್ಲಿ ಒಂದು ದಿನ ಇಡಿ. ಮಣ್ಣು 30 ಡಿಗ್ರಿಗಿಂತ ಬಿಸಿಯಾದರೆ ಕೊತ್ತಂಬರಿ ಸರಿಯಾಗಿ ಮೊಳೆಯುವುದಿಲ್ಲ, ಹಾಗಾಗಿ ಬಿತ್ತುವ ಹಿಂದಿನ ಸಂಜೆ ಮಡಿಗೆ ಚೆನ್ನಾಗಿ ನೀರುಣಿಸಿ. ನಾಲ್ಕು ಬೆರಳಿಗೊಂದು ಸಾಲು, ಅರ್ಧ ಇಂಚು ಆಳ. ಮೇಲೆ ಒದ್ದೆ ಗೋಣಿ ಹಾಸಿ. ಐದನೆಯ ದಿನದಿಂದ ಪ್ರತಿ ಸಂಜೆ ಗೋಣಿಯ ಅಂಚೆತ್ತಿ ನೋಡಬೇಕು. ಮೊಳಕೆ ಬಾಗಿದ ಕತ್ತಿನಂತೆ ಕಾಣಿಸಿದ ದಿನವೇ ಗೋಣಿ ತೆಗೆಯಿರಿ. ಒಂದು ದಿನ ತಡವಾದರೂ ಬಿಳಿಚಿಕೊಂಡ ಮೊಳಕೆ ಗೋಣಿಯ ನೂಲಿಗೆ ಸಿಕ್ಕಿ ಕಿತ್ತುಬರುತ್ತದೆ.

ಒಂದೇ ದಿನ ಪೂರ್ತಿ ಮಡಿಗೆ ಬಿತ್ತಬೇಡಿ. ಮಡಿಯನ್ನು ನಾಲ್ಕು ಪಾಲು ಮಾಡಿ ಹತ್ತು ಹತ್ತು ದಿನಕ್ಕೆ ಒಂದು ಪಾಲು ಬಿತ್ತಿ. ಮೊದಲ ಪಾಲು ನಲವತ್ತನೆಯ ದಿನಕ್ಕೆ ಕಿತ್ತು ಖಾಲಿಯಾದಾಗ ಮತ್ತೆ ಬಿತ್ತುವ ಸರದಿ ಅದರದ್ದೇ. ಸುಳಿಯ ಹೊಸ ಎಲೆ ಅಗಲ ಕಳೆದುಕೊಂಡು ಸಬ್ಬಸಿಗೆಯಂತೆ ಎಳೆಎಳೆಯಾಗಿ ಬರತೊಡಗಿದರೆ ಗಿಡ ಹೂವಿಗೆ ಹೊರಟಿದೆ ಎಂದರ್ಥ. ಸುಳಿ ಚಿವುಟಿದರೂ ಹಿಂತಿರುಗದು, ಅಂದೇ ಕಿತ್ತು ಬಳಸಿ. ಬೇಸಿಗೆಯಲ್ಲಿ ಹೂವು ತಡವಾಗಿ ಬರುವ, ಹಲವು ಸಲ ಕೊಯ್ಯಬಹುದಾದ ತಳಿ ನೋಡಿ ಆರಿಸಿದರೆ ವಾರವೋ ಎರಡು ವಾರವೋ ಹೆಚ್ಚು ಸಿಗುತ್ತದೆ. ಅಂಗಡಿಯ ಅಡುಗೆ ಧನಿಯಾ ಬಿತ್ತಿದರೆ ಹಳೆಯ ಕಾಳಾಗಿದ್ದು ಮೊಳೆಯದಿರುವುದು ಸಾಮಾನ್ಯ.

ರೋಹಿಣಿ ಮಳೆಗೆ ಮುನ್ನ ಬದಲಾವಣೆ

ಬಲೆ ತೆಗೆದು ಹಾಳೆ ಹಾಕುವ ದಿನವನ್ನು ಮಳೆ ನಕ್ಷತ್ರದ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುವುದು ಸುಲಭ. ಭರಣಿ, ಕೃತ್ತಿಕೆಯ ಮಳೆಗಳು ಗಾಳಿ, ಗುಡುಗು, ಆಲಿಕಲ್ಲಿನವು. ಆಗ ಹಾಳೆ ಹಾಕಿದರೆ ಹಾರುತ್ತದೆ. ರೋಹಿಣಿ ಹುಟ್ಟುವುದು ಮೇ 25ರ ಹೊತ್ತಿಗೆ. ಆ ವಾರ ಬಲೆ ಬಿಚ್ಚಿ ಹಾಳೆ ಹಾಕಿ. ಮೃಗಶಿರ ಕಳೆದು ಆರಿದ್ರೆ ಬಂದರೆ ಕರಾವಳಿ, ಮಲೆನಾಡಿನಲ್ಲಿ ಹಗಲು ರಾತ್ರಿ ಬಿಡುವಿರುವುದಿಲ್ಲ, ಒದ್ದೆ ಏಣಿಯ ಮೇಲೆ ನಿಂತು ಹಾಳೆ ಕಟ್ಟುವುದು ಅಪಾಯ.

ಗಾಳಿ ಇಲ್ಲದ ಬೆಳಗ್ಗೆ, ಇಬ್ಬರು ಸೇರಿ ಮಾಡಬೇಕಾದ ಕೆಲಸ. ಹಾಳೆಯ ಮೇಲೆ ಕಂಪನಿಯ ಅಕ್ಷರ ಅಚ್ಚಾಗಿದ್ದರೆ, ಯಾವ ಪಕ್ಕ ಮೇಲಾಗಬೇಕೆಂದು ಅಲ್ಲೇ ಬರೆದಿರುತ್ತದೆ, ನೋಡಿಕೊಳ್ಳಿ. ಪೂರ್ವದ ಎತ್ತರದ ಪೈಪಿಗೆ ಎಂಟು ಇಂಚು ಸುತ್ತಿ ಮೊದಲು ಬಿಗಿಯಿರಿ, ಆಮೇಲೆ ಪಶ್ಚಿಮಕ್ಕೆ ಎಳೆದು ಸುತ್ತಿ, ಕೊನೆಗೆ ಎರಡು ಪಕ್ಕ. ಹಿಡಿತಕ್ಕೆ ಪಾಲಿಹೌಸಿನ ಪ್ರೊಫೈಲ್ ಪಟ್ಟಿ (ಗಾಡಿಯಿರುವ ಲೋಹದ ಪಟ್ಟಿ), ಅದರೊಳಗೆ ಹಾಳೆಯನ್ನು ಒತ್ತಿ ಹಿಡಿಯುವ ಜಿಗ್‌ಜಾಗ್ ಸ್ಪ್ರಿಂಗ್ ಉತ್ತಮ. ಇಲ್ಲದಿದ್ದರೆ ಪೈಪು ಕಚ್ಚುವಂಥ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪನ್ನು ಅರ್ಧ ಗೇಣು ತುಂಡು ಮಾಡಿ, ಉದ್ದಕ್ಕೆ ಸೀಳಿ, ಹಾಳೆಯ ಮೇಲಿನಿಂದ ಕ್ಲಿಪ್ಪಿನಂತೆ ಒತ್ತಿ ಕೂರಿಸಿ. ತಣ್ಣನೆಯ ಹೊತ್ತಿನಲ್ಲಿ ಬಿಗಿದ ಹಾಳೆ ಬಿಸಿಲಿಗೆ ಸಡಿಲವಾಗುತ್ತದೆ, ಮೂರು ದಿನ ಬಿಟ್ಟು ಮತ್ತೊಮ್ಮೆ ಎಳೆದು ಬಿಗಿಯಬೇಕು. ಬಿಚ್ಚಿದ ಬಲೆಯ ಒಂದು ತುಂಡನ್ನು ಪಶ್ಚಿಮದ ಅಂಚಿನಿಂದ ಮೂರಡಿ ಇಳಿಬಿಟ್ಟರೆ ಎರಚಲು ಮುರಿಯುತ್ತದೆ, ಗಾಳಿಯೂ ಆಡುತ್ತದೆ.

ಮಾಡಿನ ನೀರಿಗೆ ದಾರಿ ಮಾಡದೆ ಬಿಡಬೇಡಿ. ಈ ಅಳತೆಯ ಮಾಡಿನ ಮೇಲೆ 25 ಮಿ.ಮೀ. ಮಳೆಯಾದರೆ ಸುಮಾರು 165 ಲೀಟರ್ ನೀರು ಪಶ್ಚಿಮದ ಒಂದೇ ಅಂಚಿನಿಂದ ಸುರಿಯುತ್ತದೆ. ನಾಲ್ಕಿಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಹರಣಿಯಾಗಿ ಕಟ್ಟಿ ಡ್ರಮ್ಮಿಗೆ ಬಿಡಿ. ಅದಾಗದಿದ್ದರೆ ನೀರು ಬೀಳುವ ಗೆರೆಯಲ್ಲಿ ಆರಿಂಚು ಅಗಲ, ಆರಿಂಚು ಆಳದ ಕಾಲುವೆ ತೋಡಿ ಜಲ್ಲಿ ತುಂಬಿ. ಹೀಗೆ ಮಾಡದಿದ್ದರೆ ಎರಡೇ ಮಳೆಗೆ ಮಡಿಯ ಅಂಚು ಕುಸಿದು ಬೇರು ಬಯಲಾಗುತ್ತದೆ.

ಮಳೆಗಾಲದ ಟೊಮೆಟೊ

ಮಳೆ ಟೊಮೆಟೊವನ್ನು ಕೊಲ್ಲುವುದು ತಂಪಿನಿಂದಲ್ಲ, ಎಲೆಯ ಮೇಲಿನ ನೀರಿನಿಂದ. ಗಂಟೆಗಟ್ಟಲೆ ಒದ್ದೆಯಾಗಿರುವ ಎಲೆಯ ಮೇಲೆ ಅಂಗಮಾರಿಯ (ಎಲೆ ಸುಟ್ಟಂತೆ ಒಣಗಿಸುವ ರೋಗ) ಶಿಲೀಂಧ್ರ ಮೊಳೆಯುತ್ತದೆ, ಮಣ್ಣಿನಿಂದ ಸಿಡಿದ ಹನಿ ರೋಗವನ್ನು ಕೆಳಗಿನ ಎಲೆಗೆ ಹತ್ತಿಸುತ್ತದೆ. ಮೇಲೆ ಹಾಳೆ, ಕೆಳಗೆ ಹುಲ್ಲಿನ ಹಾಸು ಇದ್ದರೆ ಎರಡೂ ದಾರಿ ಮುಚ್ಚಿದಂತೆ.

ತಳಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ನೋಡಿ. ಎಲೆ ಮುಟುರು ನಂಜು, ದುಂಡಾಣು (ಬ್ಯಾಕ್ಟೀರಿಯಾ) ಸೊರಗು, ಬೇಗ ಬರುವ ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್ ಅದು. ಅರ್ಕಾ ಅಭೇದ್ ಇವುಗಳ ಜೊತೆಗೆ ತಡವಾಗಿ ಬರುವ ಅಂಗಮಾರಿಯನ್ನೂ ತಡೆಯುತ್ತದೆ. ಮಲೆನಾಡಿನ ಮಣ್ಣಿನಲ್ಲಿ ದುಂಡಾಣು ಸೊರಗು ಬೇರೂರಿರುವುದರಿಂದ ಅಲ್ಲಿ ಸಾದಾ ತಳಿ ನೆಟ್ಟು ಹಾಳೆ ಹಾಕಿದರೂ ಗಿಡ ಹಸಿರಿರುವಾಗಲೇ ಕುಸಿಯಬಹುದು. ಸಂಶಯ ಬಂದರೆ ಕುಸಿದ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ ಒಂದು ಲೋಟ ತಿಳಿನೀರಿಗೆ ಇಳಿಬಿಡಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಇಳಿದರೆ ದುಂಡಾಣು ಸೊರಗೇ ಸರಿ. ಆ ಮಡಿಗೆ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಸದ್ಯಕ್ಕೆ ಬೇಡ. ಗೊಬ್ಬರದ ಚೀಲದಲ್ಲಿ ಹೊಸ ಮಣ್ಣು ತುಂಬಿ ಅದೇ ಹಾಳೆಯಡಿ ಬೆಳೆಯಿರಿ.

ಎರಡು ಸಾಲು, ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ, ಒಟ್ಟು ಹನ್ನೆರಡು ಗಿಡ. ಹೆಚ್ಚು ನೆಡುವ ಆಸೆ ಬೇಡ, ಗಾಳಿ ಆಡದಿದ್ದರೆ ಹಾಳೆಯ ಪ್ರಯೋಜನವೇ ಹೋಗುತ್ತದೆ. ಎರಡು ಕಾಂಡ ಮಾತ್ರ ಬಿಟ್ಟು ಕಂಕುಳ ಚಿಗುರನ್ನು ವಾರಕ್ಕೊಮ್ಮೆ ಚಿವುಟಿ. ಸೆಣಬಿನ ದಾರವನ್ನು ಮೇಲಿನ ಪೈಪಿನಿಂದ ಇಳಿಬಿಟ್ಟು ಕಾಂಡವನ್ನು ಸುತ್ತಿ ಏರಿಸಿ. ನೆಲದಿಂದ ಒಂದಡಿವರೆಗಿನ ಎಲೆ ಪೂರ್ತಿ ತೆಗೆಯಿರಿ. ಮೋಡದ ದಿನಗಳಲ್ಲಿ ಪರಾಗ ಒದ್ದೆಯಾಗಿ ಅಂಟಿಕೊಂಡಿರುತ್ತದೆ. ಹತ್ತು–ಹನ್ನೊಂದರ ಹೊತ್ತಿಗೆ ದಾರವನ್ನು ಬೆರಳಿನಿಂದ ಮೀಟಿ, ಹೂಗೊಂಚಲು ಅದುರಿ ಕಾಯಿ ಕಚ್ಚುತ್ತದೆ.

ಇಲ್ಲಿ ಬಹಳ ಮಂದಿ ಎಡವುವುದು ನೀರಿನಲ್ಲಿ. ಹೊರಗೆ ಧೋ ಎಂದು ಸುರಿಯುತ್ತಿರುತ್ತದೆ, ಹಾಳೆಯ ಅಡಿಯ ಮಣ್ಣು ಒಣಗಿ ಬಿರಿದಿರುತ್ತದೆ, ಗಮನಕ್ಕೇ ಬರುವುದಿಲ್ಲ. ಒಣಗಿಸಿ ಒಣಗಿಸಿ ಒಮ್ಮೆಲೇ ನೀರು ಕೊಟ್ಟರೆ ಕಾಯಿ ಬಿರಿಯುತ್ತದೆ, ಸುಣ್ಣದಂಶ ಕಾಯಿಗೆ ತಲುಪದೆ ತಳ ಕಪ್ಪಾಗಿ ಕೊಳೆಯುತ್ತದೆ. ಎರಡು ದಿನಕ್ಕೊಮ್ಮೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ. ತುದಿಗೆ ತಂಪು ತಾಗದಿದ್ದರೆ ಡ್ರಿಪ್ ಅರ್ಧ ಗಂಟೆ ಬಿಡಿ. ಇನ್ನೊಂದು, ಮಳೆಗೆ ತೊಳೆದುಹೋಗುತ್ತಿದ್ದ ನುಸಿ, ಬಿಳಿನೊಣ, ಸಸ್ಯಹೇನು ಹಾಳೆಯ ಅಡಿ ನೆಮ್ಮದಿಯಾಗಿ ಕೂರುತ್ತವೆ. ಬಿಸಿಲು ಬಂದ ಬೆಳಗ್ಗೆ ಎಲೆಯ ಹಿಂಬದಿಗೆ ನೀರು ರಭಸವಾಗಿ ಹೊಡೆದು ತೊಳೆಯಿರಿ, ಮಧ್ಯಾಹ್ನದೊಳಗೆ ಎಲೆ ಆರಿರಬೇಕು.

ಸಸಿಯಲ್ಲೇ ಗಳಿಸುವ ತಿಂಗಳು

ಚಪ್ಪರದ ಒಂದು ಮೂಲೆಯನ್ನು ಸಸಿಗೆ ಮೀಸಲಿಟ್ಟರೆ ಸುಲಭವಾಗಿ ಒಂದು ತಿಂಗಳು ಉಳಿಯುತ್ತದೆ. ಮಡಿಯಲ್ಲಿ ಹಳೆಯ ಬೆಳೆ ಮುಗಿಯುವ ಹೊತ್ತಿಗೆ ಹೊಸದು ನೆಡಲು ತಯಾರಿರುತ್ತದೆ. 98 ಗುಳಿಯ ಪ್ರೋಟ್ರೇಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ತಟ್ಟೆ) ಸುಮಾರು 1.2 ಕೆಜಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಿಡಿಯುತ್ತದೆ. ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣುವಷ್ಟು ಒದ್ದೆಯಿರಲಿ. ಗುಳಿಗೊಂದು ಬೀಜ, ಅರ್ಧ ಸೆಂಟಿಮೀಟರ್ ಆಳ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಮುಚ್ಚಿ, ಮೊಳಕೆ ಕಂಡ ದಿನವೇ ಬಿಡಿಸಿ ಹರಡಬೇಕು. ಟೊಮೆಟೊ 21–25 ದಿನಕ್ಕೆ, ಬದನೆ 30–35, ಮೆಣಸು 35–40 ದಿನಕ್ಕೆ ನಾಟಿಗೆ ಬರುತ್ತವೆ.

ಮೇ ತಿಂಗಳ ಸಸಿಗೆ ದೊಡ್ಡ ವೈರಿ ಬಿಳಿನೊಣ. ಎಲೆ ಮುಟುರು ನಂಜನ್ನು ಹೊತ್ತು ತರುವುದು ಅದೇ, ಸಸಿಯಲ್ಲಿ ತಗುಲಿದರೆ ಆ ಗಿಡದಿಂದ ಫಲವಿಲ್ಲ. ಶೇಡ್ ನೆಟ್ಟಿನ ಕಣ್ಣಿನಲ್ಲಿ ಅದು ಸಲೀಸಾಗಿ ನುಸುಳುತ್ತದೆ. ಟ್ರೇ ಮೇಲೆ ಬಗ್ಗಿಸಿದ ಕಡ್ಡಿ ನಿಲ್ಲಿಸಿ 40–50 ಮೆಶ್ಶಿನ (ಇಂಚಿಗೆ ಅಷ್ಟು ಕಣ್ಣಿರುವ) ಕೀಟಪರದೆ ಹೊದಿಸಿ, ಅಂಚನ್ನು ಮರಳು ಚೀಲದಿಂದ ಒತ್ತಿ.

ಆಗಸ್ಟ್ ನಡುವಿನಲ್ಲಿ ಹಾಳೆಯಡಿ ಹೂಕೋಸು, ಎಲೆಕೋಸಿನ ಸಸಿ ಮಾಡಿದರೆ ಸೆಪ್ಟೆಂಬರ್ ಎರಡನೆಯ ವಾರ ನಾಟಿ. ಬಯಲಲ್ಲಿ ಮಳೆ ನಿಲ್ಲಲೆಂದು ಕಾದವರಿಗಿಂತ ಒಂದು ತಿಂಗಳು ಮೊದಲೇ ಕೊಯ್ಲಿಗೆ ಬರುತ್ತದೆ.

ತಾರಸಿಯಾದರೆ

ಸ್ಲ್ಯಾಬಿಗೆ ರಂಧ್ರ ಕೊರೆಯಬೇಡಿ, ಸೋರಿಕೆ ಹಿಡಿಯುತ್ತದೆ. ಖಾಲಿ 20 ಲೀಟರ್ ಪೇಂಟ್ ಬಕೆಟ್ಟಿನಲ್ಲಿ ಕಂಬ ನಿಲ್ಲಿಸಿ ಕಾಂಕ್ರೀಟು ತುಂಬಿದರೆ ಒಂದೊಂದೂ 45 ಕೆಜಿ ಆಸುಪಾಸು ತೂಗುತ್ತದೆ. ಬಲೆಗೆ ಅಷ್ಟು ಸಾಕು. ಹಾಳೆಗೆ ಸಾಲದು, ಕಂಬಗಳನ್ನು ಪ್ಯಾರಾಪೆಟ್ ಗೋಡೆಗೂ ಕ್ಲಾಂಪು ಹಾಕಿ ಬಿಗಿಯಬೇಕು. ಬಕೆಟ್ಟುಗಳು ಗೋಡೆ, ತೊಲೆಯ ನೇರಕ್ಕೆ ಬರಲಿ, ಸ್ಲ್ಯಾಬಿನ ನಡುವೆ ಬೇಡ. ಸುತ್ತ ಮರೆಯಿಲ್ಲದ ಮೂರನೇ, ನಾಲ್ಕನೇ ಮಹಡಿಯ ಮೇಲೆ ಹಾಳೆಯ ಮಾಡು ಬೇಡವೇ ಬೇಡ. ಹಾರಿದ ಪೈಪು ಬೀದಿಯಲ್ಲಿ ಹೋಗುವವರ ಮೇಲೆ ಬೀಳುತ್ತದೆ.

ಕಪ್ಪು ಚೀಲ, ಕುಂಡಗಳ ಪಶ್ಚಿಮದ ಮೈಗೆ ಸುಣ್ಣ ಬಳಿಯಿರಿ, ಅಡಿಗೆ ಎರಡು ಇಟ್ಟಿಗೆ ಕೊಡಿ. ಏಪ್ರಿಲ್‌ನಲ್ಲಿ ಆ ಪಕ್ಕದ ಮಣ್ಣು ಕೈ ಇಡಲಾಗದಷ್ಟು ಕಾಯುತ್ತದೆ, ಬೇರು ಬೇಯುತ್ತದೆ.

ಜನವರಿಯ ಗಿಡ್ಡ ಸುರಂಗ

ಚಳಿ ನಮ್ಮನ್ನು ತಡೆಯುವುದು ಒಂದೇ ಕಡೆ: ಸಂಕ್ರಾಂತಿಯ ಹೊತ್ತಿಗೆ ಹೀರೆ, ಸೋರೆ, ಸೌತೆ, ಬೆಂಡೆ ಬಿತ್ತಿದರೆ ಬೀದರ್, ಬೆಂಗಳೂರು, ಚಿಕ್ಕಮಗಳೂರಿನಂಥ ತಂಪು ರಾತ್ರಿಯ ಊರುಗಳಲ್ಲಿ ಮೊಳಕೆ ಏಳಲು ಬಹಳ ದಿನ ಹಿಡಿಯುತ್ತದೆ, ಬೀಜ ಕೊಳೆಯುವುದೂ ಉಂಟು. ಏಳೂವರೆ ಅಡಿಯ 25 ಎಂಎಂ ಕಪ್ಪು ಎಚ್‌ಡಿಪಿಇ ಪೈಪನ್ನು ಮಡಿಯ ಎರಡೂ ಪಕ್ಕ ನೆಟ್ಟ 12 ಎಂಎಂ ಕಬ್ಬಿಣದ ಸರಳಿಗೆ ಸಿಕ್ಕಿಸಿ ಬಗ್ಗಿಸಿದರೆ ಎರಡೂಮುಕ್ಕಾಲು ಅಡಿ ಎತ್ತರದ ಕಮಾನು ಆಗುತ್ತದೆ. ಮೂರಡಿಗೊಂದು ಕಮಾನು, ಮೇಲೆ ತೆಳು ಪಾರದರ್ಶಕ ಹಾಳೆ. ಸಂಜೆ ನಾಲ್ಕೂವರೆಗೆ ಮುಚ್ಚಿ, ಬೆಳಗ್ಗೆ ಒಂಬತ್ತರೊಳಗೆ ಎರಡೂ ತುದಿ ತೆರೆಯಲೇಬೇಕು. ತೆರೆಯಲು ಮನೆಯಲ್ಲಿ ಯಾರೂ ಇಲ್ಲದ ದಿನ ಮುಚ್ಚದೆ ಬಿಡಿ. ಒಂದು ರಾತ್ರಿಯ ಚಳಿ ಸಸಿಯನ್ನು ಕೊಲ್ಲದು, ಮುಚ್ಚಿದ ಸುರಂಗದ ಒಂದು ಮಧ್ಯಾಹ್ನ ಕೊಲ್ಲುತ್ತದೆ. ಬಳ್ಳಿ ನಾಲ್ಕೆಲೆಯಾದಾಗ ಸುರಂಗ ತೆಗೆಯಿರಿ. ಹೂ ಬಂದ ಮೇಲೂ ಮುಚ್ಚಿದ್ದರೆ ಜೇನು ಒಳಬರದೆ ಕಾಯಿ ಕಚ್ಚುವುದಿಲ್ಲ.

ಹಾಳೆ ಇಳಿಸುವುದು

ಕರಾವಳಿ, ಮಲೆನಾಡಿನಲ್ಲಿ ಹಸ್ತದ ಮಳೆ ಹೊತ್ತಿಗೆ ಹಾಳೆ ಇಳಿಸಬಹುದು. ಬೆಂಗಳೂರು, ಕೋಲಾರ, ತುಮಕೂರಿನ ಕಡೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮಳೆ ಜೋರು, ಹಾಗಾಗಿ ಸ್ವಾತಿ ಮುಗಿಯಲಿ. ಒಮ್ಮೆಲೇ ತೆಗೆಯದೆ ಮೊದಲು ಪೂರ್ವದ ಅರ್ಧ ಮಡಚಿ ನಾಲ್ಕು ದಿನ ಬಿಡಿ, ಎಲೆ ಬಿಸಿಲಿಗೆ ಒಗ್ಗಲಿ. ಇಳಿಸಿದ ಹಾಳೆಯನ್ನು ಸೀಗೆಪುಡಿಯ ನೀರಿನಲ್ಲೋ ಮೆದು ಸೋಪಿನಲ್ಲೋ ಬಟ್ಟೆಯಿಂದ ಒರೆಸಿ ಪಾಚಿ ತೆಗೆಯಿರಿ, ನಾರಿನಿಂದ ಉಜ್ಜಬೇಡಿ. ನೆರಳಲ್ಲಿ ಪೂರ್ತಿ ಆರಿಸಿ. ಮಡಿಸಿಟ್ಟರೆ ಮಡಿಕೆಯಲ್ಲೇ ಸೀಳುತ್ತದೆ. ಒಂದು ಪಿವಿಸಿ ಪೈಪಿಗೆ ಸುರುಳಿ ಸುತ್ತಿ, ಇಲಿ ಹತ್ತದಂತೆ ಅಟ್ಟದ ಜಂತಿಗೆ ಹಗ್ಗದಲ್ಲಿ ತೂಗುಹಾಕಿ.